ವಲ್ಲಿಯ ಕೆಳಗಿನ ದರ

ಸವಣೂರಿನ ದನದ ಸಂತೆಯಲ್ಲಿ ನಾವು ದಲಾಲರು ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಒಳಗೆ ದರಕ್ಕೆ ತಕ್ಕಷ್ಟು ಬೆರಳು ಹಿಡಿದು ಒತ್ತಿದರೆ ಮುಗಿಯಿತು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು.

ಅರವತ್ತರ ದಶಕದ ಮಾತು. ತಂಗಿಗೆ ತಿಳವಳ್ಳಿಯ ವರ ಗೊತ್ತಾಗಿದ್ದ. ದಿಲ್ಲಿಯಲ್ಲಿ ಸರಕಾರದ ಗುಪ್ತಚರ ಕಚೇರಿಯ ಅಧಿಕಾರಿ. ಏನು ಕೆಲಸವೆಂದು ಕೇಳಿದರೆ, "ಅದನ್ನ ಹೇಳೂ ಹಂಗಿಲ್ರಿ" ಎಂದು ನಗುತ್ತಿದ್ದ. ಅವ್ವ ಅಷ್ಟಕ್ಕೇ ಹಿಗ್ಗಿದಳು. ನನ್ನ ಕಣ್ಣು ಮಾತ್ರ ಅವನ ಪರದೇಶದ ಕೈಗಡಿಯಾರದ ಮೇಲಿತ್ತು. ರಜೆಗೆ ಬಂದಾಗಲೆಲ್ಲ ಹೊಸದೊಂದು. ಸಂಬಳದ ಮನುಷ್ಯನಿಗೆ ಇದು ಹೇಗೆ ಗಿಟ್ಟುತ್ತದೆ?

ಲಗ್ನಕ್ಕೆ ತಿಂಗಳಿರುವಾಗ ಅವನನ್ನು ಸಂತೆಗೆ ಕರೆದೊಯ್ದೆ. ಹಿರೇಬೆಂಡಿಗೇರಿಯ ರೈತನೊಬ್ಬನಿಗೆ ಎತ್ತಿನ ಜೋಡಿ ಕೊಡಿಸುವುದಿತ್ತು. ಮಾರುವವನ ಜೊತೆ ವಲ್ಲಿಯ ಕೆಳಗೆ ನಾಲ್ಕುನೂರಕ್ಕೆ ಮಾತಾಯಿತು. ವರನ ಕಿವಿಯಲ್ಲಿ ಬೇಕೆಂದೇ ಸುಳ್ಳು ಹೇಳಿದೆ: "ನಾಲ್ಕನೂರಾ ಅರವತ್ತಕ್ಕ ಮುಗದೈತ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಚಹಾ ಕುಡಿದು ಬರುವಷ್ಟರಲ್ಲಿ ಮಾರುವವನು ನಗುತ್ತ ಎದುರಾದ. "ಸಾವ್ಕಾರ್ರ, ಆ ಶಿಗ್ಗಾವಿ ದಲಾಲ ನಾಲ್ಕನೂರಾ ಎಪ್ಪತ್ತ ಕೊಡ್ತಾನಂತ! ನಿಮ್ದು ನಾಲ್ಕನೂರಾ ಅರವತ್ತು ಅಂತ ಅವಗ ಯಾರೋ ಹೇಳ್ಯಾರ."

ಆ ಸುಳ್ಳು ದರ ನಾನು ಹೇಳಿದ್ದು ವರನೊಬ್ಬನಿಗೇ. ಎತ್ತು ಹೋದವು, ನನ್ನ ದಲಾಲಿಯೂ ಹೋಯಿತು. ಸಂಜೆ ವರ ಅದೇ ಶಿಗ್ಗಾವಿಯವನಿಂದ ತನ್ನ ಅಪ್ಪನಿಗೊಂದು ಹೋರಿಯನ್ನು ಅಗ್ಗಕ್ಕೆ ಹೊಡೆದುಕೊಂಡು ಬಂದ. "ನಿಮ್ಮ ಸಂತಿ ಭಾಳ ಚಲೋ ಐತ್ರಿ" ಎಂದ.

ಮನೆಗೆ ಬಂದವನೇ ಸಂಬಂಧ ಬೇಡವೆಂದೆ. ಅವ್ವ ಹಣೆ ಬಡಿದುಕೊಂಡಳು. "ಎತ್ತಿನ ರೇಟಿನ ಸಲುವಾಗಿ ತಂಗಿ ಲಗ್ನ ಮುರಿತೀಯೇನಲೇ, ಹುಚ್ಚ?"

"ಒಂದು ಹೋರಿಗೆ ನನ್ನ ಮಾತು ಮಾರಿದಾನ. ದಿಲ್ಲಿಯೊಳಗ ಏನೇನ ಮಾರತಾನೋ!"

ತಂಗಿ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಹಿರೇಕೆರೂರು, ಹಾನಗಲ್ಲಿನ ತನಕ ನಾನು ಲಗ್ನ ಮುರಿದವನೆಂದೇ ಹೆಸರಾದೆ. ನನಗೂ ರಾತ್ರಿ ನಿದ್ದೆಯಿರಲಿಲ್ಲ. ಕೈಗಡಿಯಾರ ಯಾರೋ ಗೆಳೆಯ ಕೊಟ್ಟದ್ದಿದ್ದರೆ?

ಮರುವರ್ಷ ತಿಳವಳ್ಳಿಗೆ ಪೊಲೀಸರು ಬಂದು ಅವನ ಮನೆಯ ಪೆಟ್ಟಿಗೆಗಳನ್ನೆಲ್ಲ ಜಾಲಾಡಿದರು. ಕಚೇರಿಯ ಗುಟ್ಟಿನ ಕಾಗದಗಳನ್ನು ಪರದೇಶದವರಿಗೆ ಮಾರಿ ದಿಲ್ಲಿಯಲ್ಲಿ ಸಿಕ್ಕಿಬಿದ್ದಿದ್ದನಂತೆ. ಅಂದಿನಿಂದ ಅವ್ವ ನನ್ನ ಜಾಣತನವನ್ನು ಊರಿಗೆಲ್ಲ ಸಾರಿದಳು. ಹೆಣ್ಣು ಕೊಡುವವರಿಗೆ ನಾನು ಈಗಲೂ ಹೇಳುವುದಿಷ್ಟೇ: ಹೊಲಮನೆ ಆಮೇಲೆ ನೋಡಿ, ಮೊದಲು ಒಂದು ಸಣ್ಣ ಗುಟ್ಟು ಕೊಟ್ಟು ನೋಡಿ.

ತಂಗಿ ಮಾತ್ರ ಹೊಗಳಲಿಲ್ಲ. "ಅಣ್ಣಾ, ಮುಂದಿನ ವರನ ಪರೀಕ್ಷಾ ನಾನ ಮಾಡ್ತೇನಿ. ನೀ ಎತ್ತ ನೋಡ್ಕೋ" ಎಂದಳು.

ಮಾಡಿದಳು, ಮೆಚ್ಚಿ ಲಗ್ನವೂ ಆದಳು. ಅವನಿಗೆ ಕೊಟ್ಟ ಗುಟ್ಟು ಏನೆಂದು ಇಂದಿಗೂ ನನಗೆ ಹೇಳಿಲ್ಲ. ನಾನು ಎಷ್ಟು ಪುಸಲಾಯಿಸಿದರೂ ಅವಳ ಗಂಡನೂ ಬಾಯಿಬಿಟ್ಟಿಲ್ಲ.