ಸೊನ್ನೆ ತೋರಬೇಕಾದ ತಂತಿ

ಬೆಳಗಿನ ಐದೂವರೆ. ಡಯಾಲಿಸಿಸ್ ಕೇಂದ್ರದ ಹಿಂಬದಿಯಲ್ಲಿ ಜನರೇಟರ್ ಗುಡುಗುತ್ತಿದೆ. ಎಲೆಕ್ಟ್ರಿಷಿಯನ್ ಅಕ್ಕ ಮಂಡಿಯೂರಿ, ಹಸಿರು ಅರ್ಥ್ ತಂತಿಯ ಸುತ್ತ ಮೀಟರಿನ ಇಕ್ಕಳ ಹಾಕುತ್ತಾರೆ. ಅದರಲ್ಲಿ ಕರೆಂಟ್ ಹರಿಯಬಾರದು, ಸೊನ್ನೆ ತೋರಬೇಕು. ಒಂಬತ್ತು ಆಂಪಿಯರ್ ತೋರುತ್ತಿದೆ. ತೆಗೆದು ಮತ್ತೆ ಹಾಕುತ್ತಾರೆ. ಒಂಬತ್ತೇ.

"ಮೀಟರ್ ಕೆಟ್ಟಿರ್ಬೇಕು ಬಿಡಕ್ಕ," ಎನ್ನುತ್ತಾನೆ ಜನರೇಟರ್ ಮೆಕ್ಯಾನಿಕ್.

"ಮೀಟರ್ ಅಲ್ಲಪ್ಪ, ನಮ್ ತಲೆ ಕೆಟ್ಟಿರೋದು."

ಗೋಡೆಯಾಚೆ ಆರು ಕುರ್ಚಿಗಳಿವೆ. ಲೈನ್ ದುರಸ್ತಿಗೆಂದು ಎಂಟಕ್ಕೆ ಕರೆಂಟ್ ತೆಗೆಯುತ್ತಾರೆ. ಆಮೇಲೆ ಆರು ಜನರ ರಕ್ತ ಈ ಜನರೇಟರಿನ ಬಲದಲ್ಲೇ ಯಂತ್ರದೊಳಗೆ ಹೋಗಿ ಬರಬೇಕು. ಕಳೆದ ವಾರ ಜನರೇಟರ್ ಓಡುವಾಗ ನಲ್ಲಿ ಮುಟ್ಟಿದ ನರ್ಸ್‌ಗೆ ಕೈ ಜುಮ್ಮೆಂದಿತ್ತು. ನಿದ್ದೆಗೆಟ್ಟಿದ್ದೀಯ ಎಂದು ಎಲ್ಲರೂ ನಕ್ಕಿದ್ದರು. ಈಗ ಯಾರೂ ನಗುತ್ತಿಲ್ಲ.

ಲೈನಿನಿಂದ ಜನರೇಟರಿಗೆ ಬದಲಿಸಲು ಇಲ್ಲಿರುವುದು ತ್ರೀ ಪೋಲ್ ಚೇಂಜ್‌ಓವರ್ ಸ್ವಿಚ್. ಅದು ಕರೆಂಟ್ ತರುವ ಮೂರು ಫೇಸ್ ತಂತಿಗಳನ್ನಷ್ಟೇ ಬದಲಿಸುತ್ತದೆ. ಕರೆಂಟ್ ಹಿಂದಿರುಗುವ ನ್ಯೂಟ್ರಲ್ ತಂತಿ ಲೈನ್, ಜನರೇಟರ್ ಎರಡಕ್ಕೂ ಕೂಡಿಕೊಂಡೇ ಇರುತ್ತದೆ. ಮುಖ್ಯ ಬೋರ್ಡಿನಲ್ಲಿ ಅದನ್ನು ಆಗಲೇ ಅರ್ಥ್‌ಗೆ ಸೇರಿಸಿದ್ದರು. ಮೆಕ್ಯಾನಿಕ್ ಜನರೇಟರಿನ ಬುಡದಲ್ಲಿ ಇನ್ನೊಮ್ಮೆ ಸೇರಿಸಿದ್ದಾನೆ. ಎರಡು ದಾರಿ ಸಿಕ್ಕ ಕರೆಂಟಿನ ಒಂದು ಪಾಲು ಅರ್ಥ್ ತಂತಿ, ನೀರಿನ ಪೈಪು ಹಿಡಿದು ಮರಳುತ್ತಿದೆ.

"ಎರಡು ಕಡೆ ಅರ್ಥ್ ಇದ್ರೆ ಡಬಲ್ ಸೇಫ್ ಅಲ್ವಾ?"

"ನಾನೂ ಹಂಗೇ ಅಂದ್ಕೊಂಡಿದ್ದೆ ಕಣೋ."

ಹನ್ನೊಂದು ವರ್ಷದ ಹಿಂದೆ ಒಂದು ಲಾಂಡ್ರಿಯಲ್ಲಿ ಹೀಗೆಯೇ ಸ್ವಿಚ್ ಕೂಡಿಸಿದವರು ಅಕ್ಕನೇ. ಒದ್ದೆ ನೆಲದ ಮೇಲೆ ಬಟ್ಟೆ ಒಗೆಯುತ್ತಿದ್ದವರು ಅವರ ಸ್ವಂತ ತಂಗಿ. ನ್ಯೂಟ್ರಲ್ ಜೋಡಣೆ ಸಡಿಲವಾದ ದಿನ ಕರೆಂಟ್ ಪೂರ್ತಿ ಪೈಪು ಹಿಡಿಯಿತು. ತಂಗಿ ಬದುಕಿದ್ದಾರೆ, ಬಲಗೈ ಬೆರಳು ಮಡಚುವುದಿಲ್ಲ.

"ನ್ಯೂಟ್ರಲ್ ಸತ್ತ ತಂತಿ, ಅದನ್ಯಾಕೆ ಕಟ್ ಮಾಡ್ತೀಯ ಅಂತ ಮೇಸ್ತ್ರಿ ಹೇಳ್ಕೊಟ್ಟಿದ್ರು. ಅವಳು ಬಿದ್ದ ಮೇಲೇ ಗೊತ್ತಾಗಿದ್ದು, ಅದು ಸತ್ತಿಲ್ಲ ಅಂತ." ಅಕ್ಕ ಸ್ಪ್ಯಾನರ್ ಒರೆಸಿ ಕೈಗೆತ್ತಿಕೊಳ್ಳುತ್ತಾರೆ.

ಅಂದಿನಿಂದ ಇನ್ನೂರಕ್ಕೂ ಹೆಚ್ಚು ಜನರೇಟರ್ ಕೂಡಿಸಿದ್ದಾರೆ. ಎಲ್ಲೆಡೆಯೂ ನ್ಯೂಟ್ರಲನ್ನು ಕೂಡ ಬದಲಿಸುವ ಫೋರ್ ಪೋಲ್ ಸ್ವಿಚ್ಚೇ ಬೇಕೆಂದು ಹಠ. ಜನ ಕರೆಯುವುದೂ 'ಫೋರ್‌ಪೋಲ್ ಅಕ್ಕ' ಎಂದೇ.

ಕೇಂದ್ರದ ಮ್ಯಾನೇಜರ್ ಬೆವರುತ್ತಾರೆ. "ಸ್ವಿಚ್ ನಾಳೆ ಬರುತ್ತಮ್ಮ. ಇವತ್ತು ಹೇಗೋ ನಡೆಸಿ."

"ಸೂಜಿ ಚುಚ್ಚಿರೋ ಮೈಗೆ ಹೇಗೋ ನಡೆಯಲ್ಲ ಸಾರ್."

ಜನರೇಟರ್ ನಿಲ್ಲಿಸಿ, ಅದರ ನ್ಯೂಟ್ರಲನ್ನು ಅರ್ಥ್‌ಗೆ ಸೇರಿಸಿದ್ದ ತಾಮ್ರದ ಪಟ್ಟಿ ಬಿಚ್ಚುತ್ತಾರೆ. ಜನರೇಟರಿನ ಲೋಹದ ಮೈಗೆ ಕೊಟ್ಟ ಅರ್ಥ್ ತಂತಿಯನ್ನು ಮಾತ್ರ ಮುಟ್ಟುವುದಿಲ್ಲ.

"ಬಿಸಾಕ್ಬೇಡ. ಫೋರ್ ಪೋಲ್ ಹಾಕಿದ ದಿನ ಎರಡು ನ್ಯೂಟ್ರಲ್ ಬೇರೆ ಆಗುತ್ತೆ, ಆಗ ಇದು ವಾಪಸ್ ಬೇಕು."

"ಬೇಡ ಅಂತೀಯ, ಬೇಕು ಅಂತೀಯ. ಥೇಟ್ ನಮ್ಮತ್ತೆ ನೀನು!" ಎನ್ನುತ್ತಾನೆ ಮೆಕ್ಯಾನಿಕ್.

ಮತ್ತೆ ಓಡಿಸಿ ನೋಡಿದರೆ ಮೀಟರ್ ಸೊನ್ನೆಗಿಳಿದಿದೆ. ನರ್ಸ್ ನಲ್ಲಿಯತ್ತ ಹೋಗುವಾಗ ಅಕ್ಕ ಅಡ್ಡ ಬರುತ್ತಾರೆ. ನಲ್ಲಿಗೂ ಅರ್ಥ್‌ಗೂ ಮೀಟರ್ ಹಿಡಿದು ನೋಡಿ, "ಈಗ ತೊಳ್ಕೊಳಮ್ಮ," ಎನ್ನುತ್ತಾರೆ.

ಏಳು ಗಂಟೆಗೆ ಮೊದಲ ರೋಗಿ, ಒಬ್ಬರು ಮುದುಕರು, ಬಾಗಿಲಲ್ಲೇ ನಿಲ್ಲುತ್ತಾರೆ. "ಏನಮ್ಮಾ, ಕರೆಂಟ್ ಹೋಗುತ್ತಂತೆ?"

"ಹೋಗುತ್ತೆ ತಾತ," ಎನ್ನುತ್ತಾರೆ ಅಕ್ಕ, ಚೀಲ ಹೆಗಲಿಗೇರಿಸುತ್ತ. "ನಿಮಗೆ ಗೊತ್ತೇ ಆಗಲ್ಲ."