ಲೋಗೋದಲ್ಲಿದ್ದ ಹಸು

ನಾನು ಸೀರಿಯಲ್‌ಗೆ ಡೈಲಾಗ್ ಬರೀತೀನಿ. ಎಪಿಸೋಡ್ ಮುಗಿದ ಮೇಲೆ ನನ್ನ ಹೆಸರೂ ಬರುತ್ತೆ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗಿರುತ್ತೆ. ಆಮೇಲೆ ಕಂಪನಿಯ ಲೋಗೋ: ಅದರಲ್ಲಿ ಒಂದು ಹಸು ನಿಧಾನವಾಗಿ ಕತ್ತು ತಿರುಗಿಸಿ ನೋಡ್ತಿತ್ತು. ಮೊದಲು ಅಲ್ಲಿದ್ದದ್ದು ಬರೀ ಚಿತ್ರದ ಹಸು. ಪುಟ್ಟೇನಹಳ್ಳಿಯಲ್ಲಿ ಶೂಟಿಂಗಿಗೆ ಮನೆ ಬಾಡಿಗೆ ಹಿಡಿದಾಗ, ಓನರ್ ಗೌಡ್ರ ಹಸು ಗೌರಿಯನ್ನ ನೋಡಿ ನಿರ್ಮಾಪಕರು ಮನಸೋತು, ಅವಳನ್ನೇ ಶೂಟ್ ಮಾಡಿ ಲೋಗೋಗೆ ಹಾಕಿದ್ರು.

ಒಂದಿನ ಗೌಡ್ರು ಕೇಳಿದ್ರು, "ಸಾರ್, ನಿಮ್ದೇನು ಕೆಲಸ ಇಲ್ಲಿ?"

"ಡೈಲಾಗ್ ಬರಿಯೋದು. ಕೊನೇಲಿ ಹೆಸರು ಬರುತ್ತಲ್ಲ?"

"ಕೊನೇಲಿ ಬರೋದು ನಮ್ ಗೌರಿ ಅಲ್ವಾ?"

ಅಷ್ಟರಲ್ಲಿ ಇಬ್ಬರು ಆಂಟಿಯರು "ಟೀವಿ ಹಸು ಇದೇನಾ?" ಅಂತ ಓಡಿಬಂದು ಗೌರಿಯ ಪಕ್ಕ ನಿಂತ್ರು. ಫೋಟೋ ತೆಗೀರಿ ಅಂತ ಫೋನ್ ಕೊಟ್ಟಿದ್ದು ನನ್ನ ಕೈಗೇ. ಹೊಟ್ಟೆ ಉರಿದುಹೋಯ್ತು.

ಕಳೆದ ತಿಂಗಳು ಕಂಪನಿ ಕಂಪ್ಯೂಟರಲ್ಲಿ ಹೊಸ ಲೋಗೋ ಮಾಡಿಸ್ತು. ಹಸು ಹೋಯ್ತು ಅಂತ ನಾನು ಒಳಗೊಳಗೇ ಕುಣಿದೆ. ಗೌಡ್ರು ಮಾತ್ರ, ಇನ್ಮೇಲೆ ಮನೆ ಕೊಡಲ್ಲ ಅಂತ ಮುನಿಸಿಕೊಂಡ್ರು. ಅವರನ್ನ ಸಮಾಧಾನ ಮಾಡೋಕೆ ನಿರ್ಮಾಪಕರು ಗೌರಿಗೆ ಕಥೆಯಲ್ಲೇ ಪಾತ್ರ ಕೊಟ್ಟುಬಿಟ್ರು. ಈಗ ನಾಯಕಿ ದಿನಾ ಕಣ್ಣೀರು ಹಾಕ್ಕೊಂಡು ಮಾತಾಡೋದು ಗೌರಿ ಹತ್ರ. ಆ ಡೈಲಾಗ್ ನಾನೇ ಬರೀಬೇಕು. ಕೊನೆಯ ಹೆಸರುಗಳಲ್ಲಿ ಗೌರಿ ಕಲಾವಿದರ ಜೊತೆ ಬರ್ತಾಳೆ, ನನಗಿಂತ ಮೇಲೆ.