ಶಿರಸ್ತ್ರಾಣಕ್ಕೆ ಇಟ್ಟ ಕುಂಕುಮ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಾಗಲಕೋಟೆಯಲ್ಲಿ ಅವ್ವ ಬೈಯುತ್ತಿದ್ದಳು. ಕುವೈತಿಗೆ ಬಂದ ಮೇಲೂ ಅದು ಅಲ್ಲೇ ಇತ್ತು.

ಮೀನಾ ಅಬ್ದುಲ್ಲಾ ರಿಫೈನರಿಯ ಗುತ್ತಿಗೆ ಕೆಲಸ ಮುಗಿದಾಗ ಒಬ್ಬ ಸಾಹುಕಾರನ ಬಂಗಲೆಯಲ್ಲಿ ಎಸಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನಮ್ಮ ವೀಸಾಕ್ಕೆ ಹೊಣೆ ನಿಂತ ಕಫೀಲ್ ಅವನೇ. ನೆಲಮಾಳಿಗೆಯಲ್ಲಿ ಅವನು ಕೂಡಿಟ್ಟ ಜಪಾನಿನ ಸಮುರಾಯಿ ಯೋಧರ ಹಳೆಯ ಕವಚಗಳಿದ್ದವು. ಸಣ್ಣ ಸಣ್ಣ ಕಬ್ಬಿಣದ ಪಟ್ಟಿಗಳಿಗೆ ಅರಗು ಬಳಿದು, ರೇಷ್ಮೆ ದಾರದಿಂದ ಹೆಣೆದವು. ಗಾಳಿ ಒಣಗಿದರೆ ಅರಗು ಬಿರಿಯುತ್ತದೆ, ತೇವವಾದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಗಾಳಿ ಕಾಯುವುದು ನನ್ನ ಪಾಲು. ಧೂಳು ತೆಗೆಯುವುದು ಉಡುಪಿ ಕಡೆಯ ಅಣ್ಣನ ಪಾಲು. ಅವರ ಇಕಾಮಾದ, ಅಂದರೆ ವಾಸದ ಪರವಾನಗಿಯ ಮೇಲೆಯೇ ಹೆಂಡತಿ, ಮಗಳು ಎಗೈಲಾದ ಫ್ಲ್ಯಾಟಿನಲ್ಲಿದ್ದರು. ಮಗಳು ಹತ್ತನೇ ಕ್ಲಾಸು.

ಆಯುಧಪೂಜೆಯ ದಿನ ನನ್ನ ಸ್ಪ್ಯಾನರುಗಳಿಗೆ ಕುಂಕುಮ ಹಚ್ಚಿ ಒಳಗೆ ಹೋದರೆ, ಅಣ್ಣ ಬಿಳಿ ದಾರದ ಕವಚದ ಶಿರಸ್ತ್ರಾಣಕ್ಕೂ ಒದ್ದೆ ಕುಂಕುಮದ ಬೊಟ್ಟಿಟ್ಟು ಕೈಮುಗಿದು ನಿಂತಿದ್ದಾರೆ! ಮೈಯೆಲ್ಲ ಉರಿದುಹೋಯಿತು.

"ಅಣ್ಣಾರ, ತಲಿ ಕೆಟ್ಟೈತೇನ್ರಿ ನಿಮಗ?"

"ಎಂತ ಮಾರಾಯ್ರೆ, ನಾವು ಇದರದ್ದೇ ಅನ್ನ ತಿನ್ನುದಲ್ವಾ? ನಿಮ್ಮ ಸ್ಪ್ಯಾನರಿಗೆ ಆಗ್ತದೆ, ಇದಕ್ಕೆ ಆಗುದಿಲ್ವಾ?"

"ಇದು ಆಯುಧ ಅಲ್ರೀ, ಕವಚ! ಕಫೀಲ್ ನೋಡಿದ್ರ ಖಲಾಸ್!"

"ಒಣಗಲಿ ಮಾರಾಯ್ರೆ. ಆಮೇಲೆ ಬ್ರಶ್ಶಲ್ಲಿ ನಾನೇ ತೆಗೀತೇನೆ."

ಒಣಗುವವರೆಗೆ ಕಾಯುವ ಜಾಯಮಾನವೇ ನನ್ನದು? ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ, ಬೈಯುತ್ತ ಬೈಯುತ್ತಲೇ ತಿಕ್ಕಿದೆ. ಕೆಂಪು ನೀರು ಕೆಳಗಿಳಿದು ಕತ್ತಿನ ಪಟ್ಟಿಗಳ ಬಿಳಿ ರೇಷ್ಮೆಗೆ ಹತ್ತಿತು. ಇನ್ನಷ್ಟು ತಿಕ್ಕಿದೆ. ಇನ್ನಷ್ಟು ಹರಡಿತು. "ಎಲ್ಲಾ ನಿಮ್ಮಿಂದ!" ಎಂದು ಅಣ್ಣನ ಮೇಲೇ ಹರಿಹಾಯ್ದೆ.

ಸಂಜೆ ಕಫೀಲ್ ಕಂಡು ಕಿರುಚಿದ. ಅತಿಥಿಗಳ ತಲೆಗೆ ಅದೇ ಶಿರಸ್ತ್ರಾಣ ಇಟ್ಟು, ಸಿಗಾರ್ ಸೇದುತ್ತ ಫೋಟೋ ತೆಗೆಸಿಕೊಳ್ಳುವ ಮನುಷ್ಯ! ಈಗ ಬಂತು ಕವಚದ ಮೇಲೆ ಕರುಣೆ. ಈ ಕೆಂಪು ಯಾರ ಕೆಲಸ ಎಂದು ಕೇಳಿದ.

"ನಾನೇ ಬಾಬಾ, ಕುಂಕುಮ ಇಟ್ಟದ್ದು" ಅಂದರು ಅಣ್ಣ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಿಕ್ಕಿದ ಬಟ್ಟೆ ನನ್ನ ಜೇಬಿನಲ್ಲಿತ್ತು. ಅದನ್ನು ಇನ್ನಷ್ಟು ಒಳಕ್ಕೆ ತುರುಕಿದೆ. ಅವರ ಇಕಾಮಾ ರದ್ದಾಯಿತು.

ವಾರವಿಡೀ ರೂಮಿನಲ್ಲಿ ಸಿಕ್ಕವರಿಗೆಲ್ಲ ಅಣ್ಣನ ದಡ್ಡತನ ಹೇಳಿಕೊಂಡು ಕೂಗಾಡಿದೆ. ಆಮೇಲೆ ಕವಚ ರಿಪೇರಿ ಮಾಡುವ ಜಪಾನಿ ಹೆಂಗಸು ಬಂದಳು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿ, "ಬೊಟ್ಟೇನೂ ದೊಡ್ಡದಲ್ಲ, ಒಣ ಬ್ರಶ್ಶಿಗೆ ಬಂದುಬಿಡುತ್ತಿತ್ತು. ಯಾರೋ ಒದ್ದೆ ಬಟ್ಟೆಯಿಂದ ತಿಕ್ಕಿ ದಾರ ಹಾಳು ಮಾಡಿದ್ದಾರೆ" ಅಂದಳು. ಅಲ್ಲಿ ಕೇಳಿಸಿಕೊಳ್ಳಲು ನಾನೊಬ್ಬನೇ ಇದ್ದೆ. ಥೂ ನನ್ನ ಜನ್ಮಕ್ಕೆ!

ಮರುದಿನ ಅಣ್ಣನ ಮನೆಯವರು ಊರಿಗೆ ಹೊರಡುವವರಿದ್ದರು. ನಿಜ ಹೇಳಿಬಿಡಬೇಕೆಂದೇ ಎಗೈಲಾಕ್ಕೆ ಹೋದೆ. ಪಾಠದ ಪುಸ್ತಕಗಳ ಡಬ್ಬಕ್ಕೆ ಟೇಪ್ ಸುತ್ತುತ್ತಿದ್ದ ಮಗಳು ತಲೆಯೆತ್ತಿ, "ಅಂಕಲ್, ವಾಟ್ ಡಿಡ್ ಅಪ್ಪಾ ಡೂ?" ಎಂದು ಕೇಳಿದಳು.

ಅಡುಗೆಮನೆಯಿಂದ ಅಣ್ಣನ ದನಿ ಬಂತು. "ಅಂಕಲ್‌ಗೆ ಮೊದಲು ಕೂತ್ಕೊಳ್ಳಿಕ್ಕೆ ಹೇಳು ಮಗಾ, ಚಾ ತರ್ತೇನೆ."

"ಕುಂಕುಮ ಹಚ್ಚಿದ್ರವ್ವಾ" ಅಂದೆ. ಅಷ್ಟೇ ಹೇಳಿದೆ.